ಕ್ಲಿನಿಕ್ಕಿನ ಲೆಕ್ಕ ವಾಲ್ವ್‌ಮನ್‌ಗೂ ಗೊತ್ತಾಗಲಿ: ಬಳ್ಳಾರಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಡಿಎಚ್‌ಒ ಸಾಹೇಬರೇ, ನಮಸ್ಕಾರ.

ಕ್ಲಿನಿಕ್ ಇಲ್ಲ, ಮಾತ್ರೆ ಇಲ್ಲ ಅನ್ನೋ ದೂರಲ್ಲ ಇದು. 2022ರ ಡಿಸೆಂಬರ್‌ನಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’‌ಗಳು ಶುರುವಾದದ್ದು ಒಳ್ಳೆಯದೇ ಆಯಿತು, ಸಣ್ಣ ಜ್ವರಕ್ಕೂ ದೊಡ್ಡಾಸ್ಪತ್ರೆ ಸಾಲಲ್ಲಿ ನಿಲ್ಲಬೇಕಿಲ್ಲ. ನನ್ನ ತಕರಾರು ಬೇರೆ. ಕ್ಲಿನಿಕ್ ನಿಮ್ಮದು, ನಲ್ಲಿ ನೀರು ಪಾಲಿಕೆಯದು. ಇಬ್ಬರೂ ಕೂತು ಮಾತಾಡೋದು ಯಾವಾಗ?

ನೀರು ಬಿಟ್ಟಾಗ ಮೊದಲ ಕೊಡ ಚೆಲ್ಲೋದು ನಮ್ಮ ಕಡೆ ರೂಢಿ. ಸುಮ್ನೆ ಬಂದ ರೂಢಿಯಲ್ಲ. ನೀರು ಬಿಡದ ದಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಆಗ ಚರಂಡಿ ದಾಟುವ ಜಾಗದಲ್ಲಿ ಒಂದು ಸಣ್ಣ ತೂತಿದ್ದರೂ ಹೊರಗಿನ ಕೊಳಕು ಒಳಗೆ ಸೇರುತ್ತದೆ. ಇನ್ನು ಡ್ರಮ್ಮಿನಲ್ಲಿ ತುಂಬಿಟ್ಟ ನೀರಿನಲ್ಲಿ ಡೆಂಗಿ ಸೊಳ್ಳೆ. ಭೇದಿ, ಜ್ವರ ಎರಡಕ್ಕೂ ಮೂಲ ಅದೇ ನಲ್ಲಿ, ಅಲ್ವಾ?

ಡಾಕ್ಟರು ಭೇದಿ ಕೇಸುಗಳನ್ನು ಪಿ ಫಾರ್ಮ್ ಅನ್ನೋ ರೋಗ ವರದಿಯ ನಮೂನೆಯಲ್ಲಿ ತುಂಬುತ್ತಾರೆ, ಲ್ಯಾಬಿನಲ್ಲಿ ಪರೀಕ್ಷೆಯಾಗಿ ಖಚಿತವಾದದ್ದಕ್ಕೆ ಎಲ್ ಫಾರ್ಮ್. ಲೆಕ್ಕ ಸರ್ಕಾರದ ಆನ್‌ಲೈನ್ ಪೋರ್ಟಲ್ ಹತ್ತಿ ಬೆಂಗಳೂರು, ದೆಹಲಿ ಮುಟ್ಟುತ್ತದೆ. ಪಕ್ಕದ ಬೀದಿಗೆ ನೀರು ಬಿಡುವ ವಾಲ್ವ್‌ಮನ್‌ಗೆ ಮುಟ್ಟಿದ್ದನ್ನು ನಾನಂತೂ ನೋಡಿಲ್ಲ. 2022ರ ಮೇ ಕೊನೆಯಲ್ಲಿ ರಾಯಚೂರಿನಲ್ಲಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾ? ಕೊಳಕು ನೀರು ಕುಡಿದು ಜನ ಸತ್ತರು. ಪಕ್ಕದ ಜಿಲ್ಲೆ ಅದು.

ಲೆಕ್ಕವಾದರೂ ಪೂರ್ತಿ ಇದೆಯಾ ಅಂದರೆ ಅದೂ ಅನುಮಾನ. ‘ನಮ್ಮ ಕ್ಲಿನಿಕ್’ ಟೈಮ್ ಅಂತ ಶುರುವಿನಲ್ಲಿ ಇಟ್ಟಿದ್ದು ಬೆಳಗ್ಗೆ 9ರಿಂದ ಸಂಜೆ 4:30. ಜೀನ್ಸ್ ಹೊಲಿಯುವವರು ಆ ಹೊತ್ತಿನಲ್ಲಿ ಮಷಿನ್ ಬಿಟ್ಟು ಏಳೋಕಾಗುತ್ತಾ? ಪೀಸ್ ಲೆಕ್ಕದ ಕೂಲಿ ಸಾಹೇಬರೇ. ಹೊಟ್ಟೆ ಕೆಟ್ಟರೆ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ನುಂಗಿ ಮತ್ತೆ ಕೂರುತ್ತಾರೆ, ನಿಮ್ಮ ಯಾವ ಫಾರ್ಮಿಗೂ ಅವರು ಬರುವುದಿಲ್ಲ. ನಗರ ಆರೋಗ್ಯ ಕೇಂದ್ರಗಳು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ತೆರೆದಿರಲಿ ಅಂತ 2013ರ ನಗರ ಆರೋಗ್ಯ ಅಭಿಯಾನವೇ ಹೇಳಿತ್ತು. ಜೀನ್ಸ್ ಕೆಲಸದವರು ಜಾಸ್ತಿ ಇರುವ ವಾರ್ಡುಗಳಲ್ಲಾದರೂ ಹಾಗೆ ಮಾಡಿ.

ಮತ್ತೆ, ಪ್ರತಿ ಸೋಮವಾರ ಯಾವ ಬೀದಿಯಲ್ಲಿ ಎಷ್ಟು ಭೇದಿ, ಎಷ್ಟು ಜ್ವರ ಅಂತ ಒಂದು ಹಾಳೆ ಪಾಲಿಕೆ ನೀರಿನ ಎಂಜಿನಿಯರ್ ಮೇಜಿಗೆ ಹೋಗಲಿ. ರೋಗಿಗಳ ಹೆಸರು ಬೇಡ, ಬೀದಿ ಹೆಸರು ಸಾಕು. ಕೇಸು ಏರಿದ ಬೀದಿಯಲ್ಲಿ ಅವತ್ತೇ ಕೊನೇ ನಲ್ಲಿಯ ಕ್ಲೋರಿನ್ ನೋಡಲಿ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೀರಿನಲ್ಲಿ ಮಲದ ಕೊಳಕು ಸೇರಿದೆಯಾ ಅಂತ ತೋರಿಸುವ ಎಚ್‌ಟುಎಸ್ ಬಾಟಲಿಯಲ್ಲೂ ನೀರು ಹಿಡಿದಿಡಲಿ, ಕಪ್ಪಾದರೆ ಆ ಲೈನು ಬಂದ್ ಮಾಡಿ ಟ್ಯಾಂಕರ್ ಕಳಿಸಲಿ. ಬಂದ ಫಲಿತಾಂಶವನ್ನು ಕ್ಲಿನಿಕ್ ಗೋಡೆಗೆ ಅಂಟಿಸಿ.

ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ಮುಂದಿನ ಸಭೆಗೆ ಪಾಲಿಕೆಯವರನ್ನು ಕರೆಯಿರಿ, ಯಾವ ಸೋಮವಾರದಿಂದ ಶುರು ಅಂತ ನಮಗೂ ತಿಳಿಸಿ.

ಇಂತಿ,
ಬಳ್ಳಾರಿಯ ಒಬ್ಬ ನಿವಾಸಿ