ವರದಿಯಲ್ಲಿ ಏನಿದೆ ಎಂದು ಕೇಳಿದ ಮಗಳಿಗೆ

ಪ್ರೀತಿಯ ಪುಟ್ಟಿಗೆ,

ಓದು ಬರಹ ನಿನಗೆ ಯಾಕೆ ಕಷ್ಟವಾಗುತ್ತದೆ ಎಂದು ಪರೀಕ್ಷಿಸಿ ಕೊಟ್ಟ ಮೈಸೂರಿನ ವರದಿಯಲ್ಲಿ ಏನು ಬರೆದಿದ್ದಾರೆ ಎಂದು ಅಮ್ಮನನ್ನು ಕೇಳಿದೆಯಂತೆ. ಹನ್ನೆರಡು ತುಂಬಿದವಳಿಗೆ ತನ್ನ ವಿಷಯ ತನಗೇ ತಿಳಿಯದಿದ್ದರೆ ಹೇಗೆ? ಅದಕ್ಕೇ ಈ ಪತ್ರ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟಿದ್ದೇನೆ. ಸಾಕೆನಿಸಿದರೆ ನಿಲ್ಲಿಸು, ಇದನ್ನೇ ಓದಿ ಅಮ್ಮನ ಮೊಬೈಲ್‌ನಲ್ಲಿ ದಾಖಲಿಸಿಟ್ಟಿದ್ದೇನೆ, ಕೇಳಿಸಿಕೊಳ್ಳಬಹುದು.

ರೈಲು ಹೊಳೆನರಸೀಪುರ ದಾಟುವಾಗ, “ನನಗೆ ಕಿವಿ ಕೇಳಿಸುತ್ತದಲ್ಲ, ವಾಕ್ ಶ್ರವಣ ಸಂಸ್ಥೆಗೆ ಯಾಕೆ?” ಎಂದಿದ್ದೆ. ಓದು ಕಷ್ಟವೆನ್ನುವ ಮಗುವಿಗೆ ಮೊದಲು ಕಣ್ಣು, ಕಿವಿ ಸರಿಯಿವೆಯೇ ಎಂದು ನೋಡುವುದು ಕ್ರಮ. ಹೊರಗಿನ ಸದ್ದು ನುಗ್ಗದ ಆ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಬೀಪ್ ಕೇಳಿದಾಗಲೆಲ್ಲ ತೋರುಬೆರಳು ಎತ್ತುತ್ತಿದ್ದೆಯಲ್ಲ, ಅದರಲ್ಲಿ ನೀನು ಪಾಸು. ಆಮೇಲೆ ಚಿತ್ರ, ಬ್ಲಾಕು, ಒಗಟು ಕೊಟ್ಟು ನೋಡಿದ್ದು ಬುದ್ಧಿಮತ್ತೆಯನ್ನು. ಅದು ವಯಸ್ಸಿಗೆ ತಕ್ಕಂತೆಯೇ ಇದೆ. ಕೊನೆಗೆ ಓದಿಸಿ, ಉಕ್ತಲೇಖನ ಬರೆಸಿದರು. ತೊಡಕು ಸಿಕ್ಕಿದ್ದು ಅಲ್ಲಿ.

ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕೆಲಸ ನಿನ್ನ ಮಿದುಳಿಗೆ ಬೇರೆಯವರಷ್ಟು ಸಲೀಸಲ್ಲ. ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ನಮ್ಮ ಲಿಪಿಯೂ ಕಡಿಮೆಯದಲ್ಲ ಬಿಡು. ‘ಪ’ದ ಹೊಟ್ಟೆಯಲ್ಲೊಂದು ಗೀಟು ಎಳೆದರೆ ‘ಷ’, ‘ದ’ದ ಬುಡ ಸೀಳಿದರೆ ‘ಧ’. ‘ಸೂರ್ಯ’ ಎನ್ನುವಾಗ ‘ರ್’ ಮೊದಲು ಕೇಳಿಸುತ್ತದೆ. ಬರೆಯುವಾಗ ಅರ್ಕಾವತ್ತು ‘ಯ’ದ ಬಾಲ ಹಿಡಿದು ಹಿಂದೆ ಬರುತ್ತದೆ. ನೀನು ‘ಸೂರಯ’ ಎಂದು ಬರೆದದ್ದು ಕಿವಿಗೆ ಕೇಳಿದ ಕ್ರಮದಲ್ಲೇ. ಅದರ ಪಕ್ಕದಲ್ಲಿ ಕೆಂಪು ಶಾಯಿಯ ಷರಾ: ಸೋಮಾರಿ. ಐದು ಸಾಲು ನಕಲು ಮಾಡಲು ಅಂಗೈ ಬೆವರಿಸಿಕೊಳ್ಳುವ ಹುಡುಗಿಯನ್ನು ಸೋಮಾರಿ ಎನ್ನಲು ಧೈರ್ಯ ಬೇಕು!

ವರದಿಯಲ್ಲಿರುವ ಇನ್ನೊಂದು ವಿಷಯ ಎಡಿಎಚ್‌ಡಿ, ಅಂದರೆ ಗಮನವನ್ನು ಒಂದೆಡೆ ನಿಲ್ಲಿಸುವುದು ಕಷ್ಟವಾಗುವ ಸ್ಥಿತಿ. ಹೆಸರು ಕೇಳಿದ ಕೂಡಲೇ ಜನರಿಗೆ ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ನೆನಪಾಗುತ್ತಾನೆ. ಮೈ ಕುಳಿತಲ್ಲೇ ಇದ್ದು ಮನಸ್ಸು ಮಾತ್ರ ಎದ್ದುಹೋಗುವ ಬಗೆಯೂ ಇದೆ. ಹೆಣ್ಣುಮಕ್ಕಳಲ್ಲಿ ಅದು ಹೆಚ್ಚಾಗಿ ಕಣ್ತಪ್ಪುತ್ತದೆ. ಗಲಾಟೆ ಮಾಡದವಳ ಮೇಲೆ ದೂರು ಹೇಳುವವರು ಯಾರು? “ರಂಗೋಲಿಗೆ ಗಂಟೆಗಟ್ಟಲೆ ಕೂರುತ್ತಾಳಲ್ಲ, ಆಗ ಗಮನ ಎಲ್ಲಿಂದ ಬರುತ್ತದೆ?” ಎಂದು ಚಿಕ್ಕಪ್ಪ ವಾದಕ್ಕೆ ನಿಂತ. ಇಷ್ಟವಾದದ್ದರಲ್ಲಿ ಮುಳುಗಿಹೋಗುವುದು, ಬೇಸರದ ಕೆಲಸಕ್ಕೆ ಗಮನವನ್ನು ಎಳೆದು ತರಲಾಗದಿರುವುದು, ಎರಡೂ ಇದರಲ್ಲಿ ಕಾಣುವಂಥವೇ ಎಂದೆ. ಅವನು ಒಪ್ಪಲಿಲ್ಲ. ಅವನನ್ನು ಒಪ್ಪಿಸುವ ಕೆಲಸ ನಮ್ಮದಲ್ಲ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಮಕ್ಕಳ ಮನೋವೈದ್ಯರು ಹೇಳಲಿ. ಮುಂದಿನ ತಿಂಗಳು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋಣ.

ನೆನಪಿನ ಶಕ್ತಿಗೆಂದು ಅಜ್ಜಿ ಮಾಡುವ ಒಂದೆಲಗದ ತಂಬುಳಿಯನ್ನು ಬಿಡಬೇಡ, ಬಿಸಿ ಅನ್ನಕ್ಕೆ ಅದಕ್ಕಿಂತ ರುಚಿ ಬೇರೆಯಿಲ್ಲ. ಆದರೆ ಒತ್ತಕ್ಷರ ಕಲಿಸುವುದು ಅದರ ಕೈಲಾಗದು. ಅದಕ್ಕೆ ವಿಶೇಷ ಶಿಕ್ಷಕಿಯ ಬಳಿ ಪದದ ಸದ್ದು ಬಿಡಿಸಿ, ಮರಳಿನ ಮೇಲೆ ಬೆರಳಲ್ಲಿ ತಿದ್ದಿ, ಬಾಯಲ್ಲಿ ಹೇಳುತ್ತ ಕಲಿಯಬೇಕು. ನಿಧಾನದ ಕೆಲಸ, ಕೆಲವು ದಿನ ಅಳುವೂ ಬರಬಹುದು.

ಮನೆಯಲ್ಲಿ ನಿಜವಾದ ಜಗಳ ನಡೆದದ್ದು ಪ್ರಮಾಣಪತ್ರದ ಬಗ್ಗೆ. ಗೋಡೆಯಾಚೆಯಿಂದ ಅರ್ಧಂಬರ್ಧ ಕೇಳಿಸಿಕೊಂಡಿರುತ್ತೀಯ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಸೇರುವುದು ಅದರಲ್ಲೇ. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಅಗತ್ಯವಿದ್ದರೆ ನೀನು ಹೇಳಿದ್ದನ್ನು ಬರೆಯುವ ಲಿಪಿಕಾರರು, ಇವನ್ನು ಕೇಳಿ ಪಡೆಯಬಹುದು. ಯಾರೂ ಅಂಕ ದಾನ ಮಾಡುವುದಿಲ್ಲ, ಉತ್ತರ ನಿನ್ನದೇ. “ನಾಳೆ ಹೆಣ್ಣು ನೋಡಲು ಬಂದವರಿಗೆ ಏನು ಹೇಳುತ್ತೀಯ?” ಎಂದು ಅಜ್ಜಿ ಕಣ್ಣೀರು ಹಾಕಿದರು. ಏಳನೇ ತರಗತಿಯ ಹುಡುಗಿಯ ಮದುವೆಗೆ ನನ್ನ ಬಳಿ ಉತ್ತರವಿಲ್ಲ, ಎಸ್ಸೆಸ್ಸೆಲ್ಸಿಗೆ ಇದೆ. ಅರ್ಜಿ ಹಾಕುತ್ತೇನೆ.

ಇಂಥ ಮಕ್ಕಳೇ ಮುಂದೆ ಮಹಾ ವಿಜ್ಞಾನಿಗಳಾದರು ಎಂದು ಸಮಾಧಾನ ಹೇಳುವವರೂ ಬರುತ್ತಿದ್ದಾರೆ. ಪಾಪ, ಒಳ್ಳೆಯ ಮನಸ್ಸಿನವರು. ನೀನು ಯಾವ ವಿಜ್ಞಾನಿಯೂ ಆಗದೆ, ಬಸ್ಸಿನ ಬೋರ್ಡನ್ನು ನಿರಾಳವಾಗಿ ಓದಿಕೊಂಡು ಬೇಕಾದಲ್ಲಿಗೆ ಹೋಗಿಬರುವವಳಾದರೂ ನನಗೆ ಸಂತೋಷವೇ.

ಸೋಮವಾರ ನಿನ್ನ ಶಾಲೆಗೆ ಬರುತ್ತೇನೆ. ಮುಂದಿನ ಬೆಂಚು, ಹಲಗೆಯ ಮೇಲಿರುವುದನ್ನು ಬರೆದುಕೊಳ್ಳಲು ಸಮಯ, ಎಲ್ಲರೆದುರು ಗಟ್ಟಿಯಾಗಿ ಓದಿಸಬಾರದು, ಇಷ್ಟನ್ನು ಕೇಳುವುದು ಖಂಡಿತ. ಗೆಳತಿಯರಲ್ಲಿ ಯಾರಿಗೆ ಹೇಳಬೇಕು, ಹೇಳಲೇಬೇಕೇ ಎಂಬುದು ನಿನ್ನ ತೀರ್ಮಾನ. ನಾನು ಟೀಚರ್ ಜೊತೆ ಮಾತನಾಡುವಾಗ ನೀನು ಪಕ್ಕದಲ್ಲಿರುತ್ತೀಯೋ, ತರಗತಿಯಲ್ಲೇ ಇರುತ್ತೀಯೋ? ಭಾನುವಾರ ರಾತ್ರಿಯೊಳಗೆ ತಿಳಿಸು. ಬರೆದು ತಿಳಿಸಬೇಕೆಂದೇನಿಲ್ಲ.

ಇಂತಿ,
ನಿನ್ನ ಅಪ್ಪ