ಆ ನಕ್ಷತ್ರ ಎಲ್ಲಿ ಹೋಯ್ತು?

ತಮ್ಮಾ,

ನಿನ್ನ ಲೇಖನ ಎರಡು ಸಲ ಓದಿದೆ. ಪ್ಯಾರಾ ಎಲ್ಲಿ ಒಡೆಯಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದು ಹೇಗೋ ಆಗುತ್ತೆ ಬಿಡು.

ಮೂರನೇ ಪುಟದಲ್ಲಿ, ಬರೆಯುವುದಕ್ಕೆ ಪ್ರಾಚೀನ ಜರ್ಮಾನಿಕ್ ಜನ ವ್ರೀಟನಂ ಎನ್ನುತ್ತಿದ್ದರು ಅಂದಿದ್ದೀಯ. ನೀನು ಕೇಳಿಸಿಕೊಂಡೆಯಾ? ಇಂಗ್ಲಿಷಿನ ರೈಟ್, ಜರ್ಮನ್ನಿನ ರೈಸನ್, ಸ್ವೀಡಿಷ್‌ನ ರೀಟ, ಇವನ್ನು ಪಕ್ಕಪಕ್ಕ ಇಟ್ಟು ವಿದ್ವಾಂಸರು ಹಿಂದಕ್ಕೆ ಲೆಕ್ಕ ಹಾಕಿ ಕಟ್ಟಿದ ರೂಪ ಅದು. ಅದಕ್ಕೇ ಮುಂದೊಂದು ನಕ್ಷತ್ರ ಹಾಕುತ್ತಾರೆ: *ವ್ರೀಟನಂ. ನೀನು ಅದನ್ನು ಕಿತ್ತು ಹಾಕಿದ್ದೀಯ, ಅಂದ ಕೆಡುತ್ತೆ ಅಂತಲೋ ಏನೋ.

ಉಳಿದದ್ದು ಚೆನ್ನಾಗಿದೆ, ಸುಮ್ನೆ ಹೇಳ್ತಿಲ್ಲ. ಮೊದಲ ಅರ್ಥ ಗೀರು, ಕೊರೆ. ಸ್ವೀಡನ್ನಿನಲ್ಲಿ ಅದು ಚಿತ್ರ ಬಿಡಿಸುವುದಾಯ್ತು. ಜರ್ಮನ್ನಿನಲ್ಲಿ ಹರಿದು ಹಾಕುವುದಾಯ್ತು. ಬರೆಯುವುದಕ್ಕೆ ಅವರು ಲ್ಯಾಟಿನ್ನಿಂದ ಶ್ರೈಬನ್ ತಂದುಕೊಂಡರು. ಆದರೂ ನಕ್ಷೆ ಬರೆಯುವ ಹಲಗೆ ಅವರಿಗೆ ರೈಸ್‌ಬ್ರೆಟ್. ಆದರೆ ಯಾರ್ಸ್‌ಬರ್ಗ್ ಕಲ್ಲನ್ನು ಯಾಕೆ ಬಿಟ್ಟೆ ಮಾರಾಯ? ಸ್ವೀಡನ್ನಿನದು, ಸುಮಾರು 6ನೇ ಶತಮಾನದ್ದು. ಅದರ ಮೇಲೆ ‘ರೂನೋಜ್ ವರಿಟು’ ಅಂತಿದೆ. ಅಂದರೆ, ರೂನ್ (ಜರ್ಮಾನಿಕ್ ಜನರ ಹಳೆಯ ಲಿಪಿ) ಅಕ್ಷರ ಕೊರೆಯುತ್ತೇನೆ. ಕ್ರಿಯಾಪದ ಕೊನೆಗೆ, ನಮ್ಮ ಹಾಗೇ! ಈ ವರಿಟುಗೆ ನಕ್ಷತ್ರ ಬೇಡ. ಯಾರೋ ಉಳಿ ಹಿಡಿದು ಕೊರೆದದ್ದು ಕಣ್ಣೆದುರೇ ಇದೆ.

ಇಷ್ಟು ಸಿಡುಕುವುದಕ್ಕೆ ಕಾರಣ ಇದೆ. ನಿನ್ನ ವಯಸ್ಸಿನಲ್ಲಿ ನಾನೂ ಒಂದು ವಾರಪತ್ರಿಕೆಯಲ್ಲಿ, ರೈಟ್ ಹುಟ್ಟಿದ್ದೇ ನಮ್ಮ ‘ಬರೆ’ಯಿಂದ ಅಂತ ಬರೆದಿದ್ದೆ. ಎಳೆದ ಗೀರೂ ಬರೆ, ಅಕ್ಷರ ಬರೆಯುವುದೂ ಬರೆ. ತಮಿಳಿನಲ್ಲಿ ಅದೇ ‘ವರೈ’. ಇಂಗ್ಲಿಷಿನವರು ಉಚ್ಚರಿಸದಿದ್ದರೂ ರೈಟ್‌ನ ಮುಂದೆ ಡಬ್ಲ್ಯೂ ಇದ್ದೇ ಇದೆ. ಇನ್ನೇನು ಬೇಕು? ತಿಂಗಳುಗಟ್ಟಲೆ ಹೊಗಳಿಕೆಯ ಕಾಗದ ಬಂದವು. ಒಬ್ಬ ಮೇಷ್ಟ್ರು ಮಾತ್ರ ಕಾರ್ಡಿನಲ್ಲಿ ಒಂದೇ ಸಾಲು ಬರೆದಿದ್ದರು: “ಆ ಟಕಾರ ಎಲ್ಲಿಂದ ಬಂತು?”

ನನಗೆ ಗೊತ್ತಿರಲಿಲ್ಲ. ಎರಡು ಕಡೆ ಗೀರಿನಿಂದಲೇ ಅಕ್ಷರಕ್ಕೆ ಹೆಸರು ಬಂತು, ನಂಟಿಗೆ ಅಷ್ಟು ಸಾಲದು ಅಂತ ಆಮೇಲೆ ತಿಳಿಯಿತು. ಅವರಿಗೆ ಉತ್ತರ ಬರೆಯಲಿಲ್ಲ. ತಪ್ಪಾಯ್ತು ಅಂತ ಅಚ್ಚು ಹಾಕಿಸಲೂ ಇಲ್ಲ. ಈಗಲೂ ಮದುವೆಮನೆಯಲ್ಲಿ ಯಾರಾದರೂ ಆ ಲೇಖನ ನೆನೆಸಿ ಬೆನ್ನು ತಟ್ಟುತ್ತಾರೆ. ಊಟ ಗಂಟಲಲ್ಲಿ ಇಳಿಯಲ್ಲ.

ನಿನ್ನ ಪುಟಕ್ಕೆ ಪೆನ್ಸಿಲಿನಲ್ಲಿ ನಕ್ಷತ್ರ ಹಾಕಿ ವಾಪಸ್ ಕಳಿಸುತ್ತಿದ್ದೇನೆ. ಐದನೇ ಪುಟದಲ್ಲಿ ಅಜ್ಜಿ ನಿನ್ನ ಬೆರಳು ಹಿಡಿದು ಮರಳಲ್ಲಿ ಅಕ್ಷರ ತಿದ್ದಿಸಿದ್ದು ಬರುತ್ತದಲ್ಲ, ಅದು ನಡೆದದ್ದೋ, ನೀನು ಕಟ್ಟಿದ್ದೋ? ಮುಂದಿನ ಕಾಗದದಲ್ಲಿ ತಿಳಿಸು.