ಡರ್ಬನ್‌ನಲ್ಲಿರುವ ಅಳಿಯನಿಗೆ, ‘ಕೂಲಿ’ ಎಂಬ ಪದದ ಬಗ್ಗೆ

ಕೊಳ್ಳೇಗಾಲ

ಚಿರಂಜೀವಿ ಕಿರಣನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ಈಗ ಪರವಾಗಿಲ್ಲ.

ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ಆಫೀಸಿನಲ್ಲಿ ಊಟಕ್ಕೆ ಕೂತಾಗ ನೀನು ‘ನಾವೆಲ್ಲ ಐಟಿ ಕೂಲಿಗಳು’ ಅಂದೆ. ಬೆಂಗಳೂರಿನಲ್ಲಿ ನಿಮ್ಮವರು ದಿನಾ ಆಡುವ ಮಾತು. ಪಕ್ಕದಲ್ಲಿದ್ದ ಹುಡುಗ, ದಕ್ಷಿಣ ಆಫ್ರಿಕಾದಲ್ಲೇ ಹುಟ್ಟಿ ಬೆಳೆದ ಭಾರತೀಯ ಮನೆತನದವನು, ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತ. ಅವತ್ತಿನಿಂದ ಮಾತಿಲ್ಲ. ‘ಪದ ನಮ್ಮದೇ ಅಲ್ವಾ ಮಾವ, ಕೂಲಿ ಅಂದ್ರೆ ದುಡಿದದ್ದಕ್ಕೆ ಸಿಗೋ ದುಡ್ಡು ಅಂತ ಅವನಿಗೆ ಬಿಡಿಸಿ ಹೇಳ್ಲಾ?’ ಅಂತ ಕೇಳಿದ್ದೀಯ.

ಬೇಡ ಕಿರಣ. ಅದೊಂದನ್ನು ಮಾತ್ರ ಮಾಡಬೇಡ.

ನಮ್ಮ ಮನೆಯಲ್ಲಿ ಕೂಲಿ ಅನ್ನುವುದು ಮರ್ಯಾದೆಯ ಪದ ಅಂತ ನನಗೂ ಗೊತ್ತು. ನಿಮ್ಮಜ್ಜಿ ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿಗೆ ಹೋಗುತ್ತಿದ್ದಳು. ಗೂಡು ಬೇಯುವ ಬಿಸಿನೀರಿನಲ್ಲಿ ಬೆರಳಿಟ್ಟು ಇಟ್ಟು ಚರ್ಮ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಶನಿವಾರ ಬಟವಾಡೆ. ಆ ದುಡ್ಡು ಸೆರಗಿನ ಗಂಟಿನಲ್ಲಿ ಮನೆಗೆ ಬಂದರೆ ನಮಗೆ ಹಬ್ಬ. ಕೂಲಿ ನಾಲಿ ಮಾಡಿ ನನ್ನನ್ನೂ ನಿಮ್ಮಮ್ಮನನ್ನೂ ಓದಿಸಿದಳು. ಅದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆ ಆಗಿಲ್ಲ.

ಆದರೆ ಆ ಹುಡುಗನ ಕಿವಿಗೆ ಬಿದ್ದದ್ದು ನಿಮ್ಮಜ್ಜಿಯ ಕೂಲಿ ಅಲ್ಲ. ಅಕ್ಷರ ಅದೇ, ಪದ ಬೇರೆ.

ಕನ್ನಡದಲ್ಲೂ ತಮಿಳಿನಲ್ಲೂ ಕೂಲಿ ಅಂದರೆ ಮೊದಲು ಸಂಬಳ, ಆಮೇಲೆ ಅದಕ್ಕೆ ದುಡಿಯುವವನು. ಗುಜರಾತಿನ ‘ಕೋಲಿ’ ಎಂಬ ಸಮುದಾಯದ ಹೆಸರಿನಿಂದ ಬಂತು ಅನ್ನುವವರೂ ಇದ್ದಾರೆ. ಎರಡೂ ಬೆರೆತಿರಬಹುದು. ಪೋರ್ಚುಗೀಸರ ಬಾಯಿಂದ ಇಂಗ್ಲಿಷರ ಬಾಯಿಗೆ ಹೋಯಿತು. ಚೀನಾದಲ್ಲಿ ಇದೇ ಉಚ್ಚಾರಣೆಗೆ ಹೊಂದುವ ಎರಡು ಅಕ್ಷರ ಹುಡುಕಿ ಬರೆದರು. ಅವುಗಳ ಅರ್ಥ ‘ಕಹಿ’ ಮತ್ತು ‘ಬಲ’. ಅಲ್ಲಿಂದ ಕ್ಯೂಬಾಕ್ಕೂ ಪೆರುವಿಗೂ ಹಡಗು ಹತ್ತಿದವರ ಪಾಡಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಿಕ್ಕಿಲ್ಲ.

ನೀನಿರುವ ಊರಿಗೇ ಬರೋಣ. ಮದ್ರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅದರಲ್ಲಿ 342 ಜನ ಇದ್ದರು. ಕಬ್ಬಿನ ತೋಟಕ್ಕೆ ಐದು ವರ್ಷದ ಕರಾರು, ತಿಂಗಳಿಗೆ 10 ಶಿಲಿಂಗ್‌ನಿಂದ ಶುರು. ಮನುಷ್ಯನಿಗೊಂದು ನಂಬರ್. 1911ರವರೆಗೆ ಹೀಗೆ ಬಂದವರು ಒಂದೂವರೆ ಲಕ್ಷ ದಾಟಿದರು. ಅದಕ್ಕೆ ಮುಂಚೆಯೇ ಮಾರಿಷಸ್‌ಗೆ, ಗಯಾನಾಗೆ, ಟ್ರಿನಿಡಾಡ್‌ಗೆ ಹೋಗಿದ್ದರು. ಆಮೇಲೆ ಫಿಜಿಗೂ ಹೋದರು. ಕರಾರು ಮುಗಿಸಿ ಅಲ್ಲೇ ಉಳಿದವರ ಮೇಲೆ ಡರ್ಬನ್ ಇರುವ ನಟಾಲ್ ಸೀಮೆಯ ಸರ್ಕಾರ 1895ರಲ್ಲಿ ವರ್ಷಕ್ಕೆ ಮೂರು ಪೌಂಡ್ ತೆರಿಗೆ ಹಾಕುವ ಕಾನೂನು ಮಾಡಿತು. ತಿಂಗಳಿಗೆ 10 ಶಿಲಿಂಗ್ ಅಂದರೆ ಅದು ಆರು ತಿಂಗಳ ದುಡಿಮೆ. ಲೆಕ್ಕ ಹಾಕಿ ನೋಡು.

ಆದರೂ ಪದ ಕೆಟ್ಟದ್ದು ಕಬ್ಬಿನ ತೋಟದಲ್ಲಿ ಅಲ್ಲ ಅಂತ ನನ್ನ ಅನಿಸಿಕೆ. ಕಬ್ಬು ಕಡಿಯದವನಿಗೂ ಆ ಹೆಸರು ಅಂಟಿದಾಗ ಅದು ಕೆಟ್ಟಿತು. ನಟಾಲ್ ಪಕ್ಕದ ಟ್ರಾನ್ಸ್‌ವಾಲ್ ಸೀಮೆಯ 1885ರ ಮೂರನೇ ಕಾನೂನು ತೆಗೆದು ನೋಡು. ಏಷ್ಯಾದ ಜನ ಯಾರು ಯಾರು ಅಂತ ಪಟ್ಟಿ ಮಾಡುವಾಗ ಅರಬರು, ಮಲಯರು ಅನ್ನುವ ಹಾಗೆ ಅದರಲ್ಲಿ ‘ಕೂಲಿಗಳು’ ಅಂತ ಬರೆದಿದೆ. ಅಂದರೆ ಕೂಲಿ ಒಂದು ಕೆಲಸ ಅಲ್ಲ, ಒಂದು ಜಾತಿಯ ಜನ. ಅಂಗಡಿ ಇಟ್ಟವನು ಕೂಲಿ ವ್ಯಾಪಾರಿ. 1893ರಲ್ಲಿ ಡರ್ಬನ್‌ಗೆ ಬಂದಿಳಿದ ಗಾಂಧೀಜಿ ಕೂಲಿ ಬ್ಯಾರಿಸ್ಟರ್. ಭಾರತೀಯರನ್ನು ಊರಾಚೆ ತಳ್ಳಿದ ಜಾಗ ಕೂಲಿ ಲೊಕೇಶನ್. ನಿಮ್ಮಜ್ಜಿ ಸಂಜೆ ಕೈ ತೊಳೆದು ಮನೆಗೆ ಬಂದರೆ ಅವತ್ತಿನ ಕೂಲಿ ಮುಗಿಯುತ್ತಿತ್ತು. ಅಲ್ಲಿಯ ಭಾರತೀಯರಿಗೆ ಸಂಜೆಯೇ ಆಗಲಿಲ್ಲ. ಮಗ ಡಾಕ್ಟರಾದರೂ ಅವನು ಕೂಲಿಯೇ.

ಇನ್ನೊಂದು ಪದ ಇತ್ತು, ‘ಸಾಮಿ’. ತಮಿಳರ ಹೆಸರಿನ ಕೊನೆಯಲ್ಲಿ ಬರುವ ಸ್ವಾಮಿ. ನಾವು ಬಸ್ಸಿನಲ್ಲಿ ಪಕ್ಕದವರನ್ನು ‘ಸ್ವಲ್ಪ ಜರುಗಿ ಸ್ವಾಮಿ’ ಅಂತ ಕರೆಯುವ ಅದೇ ಪದ. ಅಲ್ಲಿಯ ಬಿಳಿಯರ ಬಾಯಲ್ಲಿ ಅದು ಬೈಗುಳ. ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ: ಕೆಲವು ಭಾರತೀಯರು ತಿರುಗಿ ‘ಸಾಮಿ ಅಂದರೆ ಒಡೆಯ, ನಾನು ನಿಮ್ಮ ಒಡೆಯ ಅಲ್ಲವಲ್ಲ’ ಅನ್ನುತ್ತಿದ್ದರಂತೆ. ಅದಕ್ಕೆ ಕೆಲವು ಇಂಗ್ಲಿಷರು ಮುಖ ಸಿಂಡರಿಸಿದರೆ, ಕೆಲವರು ಹೊಡೆಯಲಿಕ್ಕೇ ಬರುತ್ತಿದ್ದರಂತೆ. ಆ ಪದದ ನಿಜವಾದ ಅರ್ಥ ಅವರನ್ನು ಕಾಯಲಿಲ್ಲ, ಏಟು ತಿನ್ನಿಸಿತು. ಈಗ ನೀನು ಹೋಗಿ ಆ ಹುಡುಗನಿಗೆ ಪದದ ಮೂಲ ಹೇಳಿದರೆ ಅವನಿಗೆ ಏನು ಸಿಗುತ್ತದೆ ಹೇಳು?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಿನಗೆ ಇದುವರೆಗೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನಮ್ಮ ಬೀದಿಯಲ್ಲಿ ಇಸ್ತ್ರಿ ಗಾಡಿಯ ಒಬ್ಬರಿದ್ದರು. ವೆಲ್ಲೂರು ಕಡೆಯವರು. ರೂಮಿನ ಹುಡುಗರೆಲ್ಲ ಅವರನ್ನು ‘ಕೊಂಗ’ ಅನ್ನುತ್ತಿದ್ದೆವು. ಅವರೆದುರಿಗೇ. ನಾನೂ ಅನ್ನುತ್ತಿದ್ದೆ. ಆ ಪದಕ್ಕೂ ಮೂಲ ಇದೆ. ಕೊಂಗು ಅಂದರೆ ಒಂದು ನಾಡು, ಕೊಯಮತ್ತೂರು, ಈರೋಡು, ಸೇಲಂ ಸೀಮೆ. ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದೆ ಅಂತ ಬಿರುದಿನಲ್ಲೇ ಹಾಕಿಸಿಕೊಂಡಿದ್ದ. ನಮ್ಮ ಕೊಳ್ಳೇಗಾಲವೇ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ವೆಲ್ಲೂರು ಆ ಸೀಮೆಗೆ ಸೇರಿದ್ದೇ ಅಲ್ಲ. ಅದು ನಮಗೆ ಬೇಕಾಗಿಯೂ ಇರಲಿಲ್ಲ. ತಮಿಳು ಮಾತಾಡುತ್ತಾರೆ, ಸಾಕು, ಕೊಂಗ.

1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆ ಆಯಿತು. ಒಂದು ಸಂಜೆ ಅವರು ನನ್ನ ರೂಮಿನ ಬಾಗಿಲಿಗೆ ಬಂದರು, ಏಳೆಂಟು ವರ್ಷದ ಮಗನ ಕೈ ಹಿಡಿದು. ಇಸ್ತ್ರಿ ಮಾಡಿದ ನನ್ನ ಎರಡು ಅಂಗಿ ಕೊಟ್ಟು, ‘ಸಾರ್, ಬೀದಿ ಕೊನೆಯವರೆಗೆ ನಮ್ಮ ಜೊತೆ ಬರ್ತೀರಾ? ನೀವು ಕನ್ನಡದಲ್ಲಿ ಏನಾದರೂ ಮಾತಾಡ್ತಾ ಇರಿ’ ಅಂದರು. ಹೋದೆ. ಏನು ಮಾತಾಡಬೇಕೋ ತಿಳಿಯಲಿಲ್ಲ. ಹುಡುಗ ಬಾಯಿ ಬಿಗಿದುಕೊಂಡು ನಡೆಯುತ್ತಿದ್ದ. ಬೀದಿ ಕೊನೆಯಲ್ಲಿ ನಿಂತಿದ್ದವರ ಬಾಯಲ್ಲಿ ಅದೇ ಪದ ಕೇಳಿಸಿತು, ನಾನು ದಿನಾ ಅನ್ನುತ್ತಿದ್ದ ಪದ. ಆಮೇಲೆ ಅವರ ಗಾಡಿ ನಮ್ಮ ಬೀದಿಗೆ ಬರಲಿಲ್ಲ. ನಾನು ಅವರಲ್ಲಿ ಕ್ಷಮೆ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯುವ ಹೊತ್ತಿಗೆ ಎಲ್ಲಿದ್ದಾರೆ ಅಂತ ಗೊತ್ತಿರಲಿಲ್ಲ.

ನಿನಗೆ ಆ ಹುಡುಗ ಎಲ್ಲಿದ್ದಾನೆ ಅಂತ ಗೊತ್ತಿದೆ. ಎರಡು ಟೇಬಲ್ ಆಚೆ.

ನಾಳೆಯೇ ಹೋಗು. ‘ಆ ಪದ ಇಲ್ಲಿ ಏನು ಅಂತ ತಿಳಿಯದೆ ಅಂದೆ, ತಪ್ಪಾಯಿತು’ ಅಷ್ಟೇ ಹೇಳು. ‘ಆದರೆ’ ಅಂತ ಶುರು ಮಾಡಬೇಡ. ಅವರವರಲ್ಲೇ ಆ ಪದ ಆಡಿಕೊಂಡರೆ ನೀನು ಸೇರಿಕೊಳ್ಳಬೇಡ. ಮಾರಿಷಸ್‌ನ ಕವಿ ಖಾಲ್ ತೊರಾಬುಲ್ಲಿ ಅದೇ ಪದದಿಂದ ‘ಕೂಲಿಟ್ಯೂಡ್’ ಅಂತ ಹೊಸ ಪದ ಕಟ್ಟಿ, ತಮ್ಮ ಹಿರಿಯರ ಕಥೆಗೆ ತಲೆ ಎತ್ತುವ ಹೆಸರು ಕೊಟ್ಟರು. ಅದು ಅವರ ಹಕ್ಕು. ನಾವು ಆ ಹಡಗು ಹತ್ತಿದವರಲ್ಲ. ಅವನೇ ಮಾತು ತೆಗೆದರೆ, ಅವನ ಮುತ್ತಜ್ಜ ಯಾವ ಊರಿನಿಂದ ಬಂದರು ಅಂತ ಕೇಳು. ಹೇಳಿದರೆ ಸುಮ್ನೆ ಕೂತು ಕೇಳಿಸಿಕೋ. ನಿಮ್ಮಜ್ಜಿಯ ಕಥೆ ಅವನು ಕೇಳಿದಾಗ ಹೇಳಿದರೆ ಸಾಕು.

ಮಾತಾಡಿದ ಮೇಲೆ ನನಗೆ ಫೋನ್ ಮಾಡು. ಶನಿವಾರ ಸಂಜೆ ಮನೆಯಲ್ಲೇ ಇರುತ್ತೇನೆ.

ಇಂತಿ ನಿನ್ನ
ಮಾವ